ಹೊಸ ಗೇಮ್ ಮಾಸ್ಟರ್‌ಗೆ ದಪ್ಪ ಪುಸ್ತಕ ಬೇಡ

ಸಂಪಾದಕರಿಗೆ,

ಮಾನ್ಯರೇ,

ತಮ್ಮ ವಾರಾಂತ್ಯದ ಪುರವಣಿಯಲ್ಲಿ ಮೇಜಿನ ಸುತ್ತ ಕುಳಿತು ಆಡುವ ಪಾತ್ರಾಭಿನಯದ ಆಟಗಳ ಬಗ್ಗೆ ಬಂದ ಲೇಖನವನ್ನು ಸಂತೋಷದಿಂದ ಓದಿದೆ. ನಾಲ್ಕೈದು ಜನ ಎದುರುಬದುರು ಕುಳಿತು, ದಾಳ ಉರುಳಿಸುತ್ತ, ಮಾತಿನಲ್ಲೇ ಕಥೆ ಕಟ್ಟುವ ಈ ಹವ್ಯಾಸಕ್ಕೆ ಕನ್ನಡ ಪತ್ರಿಕೆಯೊಂದು ಅರ್ಧ ಪುಟ ಕೊಟ್ಟದ್ದೇ ದೊಡ್ಡದು. ಆದರೆ ಲೇಖನದ ಕೊನೆಯಲ್ಲಿ ಒಂದು ಸಲಹೆಯಿದೆ: ಒಂದು ಕ್ಯಾಂಪೇನ್ (ಹಲವು ವಾರ ಮುಂದುವರಿಯುವ ದೊಡ್ಡ ಕಥೆ) ಆಡಿ ಮುಗಿಸಿದ ತಂಡದಲ್ಲಿ, ಅಲ್ಲಿಯತನಕ ಆಟಗಾರರಾಗಿದ್ದವರೊಬ್ಬರು ಮೊದಲ ಬಾರಿಗೆ ಗೇಮ್ ಮಾಸ್ಟರ್ (ಆಟ ನಡೆಸುವವರು) ಆಗಲು ಹೊರಟರೆ, ಅವರು ಎಲ್ಲರೂ ಹೊಗಳುವ ಹೆಸರಾಂತ ಕ್ಯಾಂಪೇನನ್ನೇ ಆರಿಸಿಕೊಳ್ಳಲಿ, ಕಥೆ ಒಳ್ಳೆಯದಿದ್ದರೆ ಆಟ ತಾನೇ ನಡೆದುಕೊಂಡು ಹೋಗುತ್ತದೆ ಎಂಬುದು ಅದರ ತಾತ್ಪರ್ಯ. ಕೆಲವು ವರ್ಷಗಳಿಂದ ಗೆಳೆಯರೊಡನೆಯೂ ಮನೆಯ ಮಕ್ಕಳೊಡನೆಯೂ ಈ ಆಟ ನಡೆಸಿಕೊಂಡು ಬಂದಿರುವ ನನಗೆ ಈ ಸಲಹೆ ಸರಿಕಾಣಲಿಲ್ಲ. ಅದನ್ನು ನಂಬಿ ಯಾರಾದರೂ ದುಬಾರಿ ಪುಸ್ತಕ ತರಿಸಿ ನಡುದಾರಿಯಲ್ಲಿ ಕೈಬಿಡುವ ಮೊದಲು ನಾಲ್ಕು ಮಾತು ಹೇಳಲು ಅವಕಾಶ ಕೋರುತ್ತೇನೆ.

ಆಟದ ಪರಿಚಯವಿಲ್ಲದವರಿಗಾಗಿ ಸ್ವಲ್ಪ ಹಿನ್ನೆಲೆ. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಹೊರತಂದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಈ ಬಗೆಯ ಆಟಗಳ ಹಿರಿಯಣ್ಣ. ಆಟಗಾರರು ತಲಾ ಒಂದು ಪಾತ್ರ ವಹಿಸಿಕೊಳ್ಳುತ್ತಾರೆ. ಉಳಿದ ಲೋಕವನ್ನೆಲ್ಲ, ಎಂದರೆ ಊರು, ಕಾಡು, ಛತ್ರದ ಯಜಮಾನ, ಕಳ್ಳ, ರಾಕ್ಷಸ ಎಲ್ಲವನ್ನೂ, ಗೇಮ್ ಮಾಸ್ಟರ್ ಒಬ್ಬರೇ ನಿಭಾಯಿಸಬೇಕು. ಕರಾವಳಿ ಮತ್ತು ಮಲೆನಾಡಿನ ಓದುಗರು ತಾಳಮದ್ದಲೆಯನ್ನು ನೆನೆದುಕೊಂಡರೆ ಅರ್ಧ ಅರ್ಥವಾದಂತೆ. ಅರ್ಥಧಾರಿ ಏನು ಮಾತಾಡುತ್ತಾನೆಂಬುದು ಆ ಹೊತ್ತಿಗೇ ತಿಳಿಯುವುದು. ಅವನು ಎಷ್ಟೇ ಎಳೆದಾಡಿದರೂ ಪ್ರಸಂಗ ಮುಂದೆ ಸಾಗುವಂತೆ ಭಾಗವತರು ನೋಡಿಕೊಳ್ಳಬೇಕು. ವ್ಯತ್ಯಾಸವಿಷ್ಟೇ: ಇಲ್ಲಿ ಪ್ರಸಂಗವು ಆಟಗಾರರಿಗೆ ಗೊತ್ತಿರುವುದಿಲ್ಲ. ಸಂಧಾನಕ್ಕೆ ಹೊರಟ ಕೃಷ್ಣ ಅರ್ಧ ದಾರಿಯಲ್ಲಿ ‘ನನಗೆ ಬೇಸರವಾಯಿತು, ದ್ವಾರಕೆಗೆ ಹೋಗುತ್ತೇನೆ’ ಎಂದರೂ ಅವನನ್ನು ತಡೆಯುವಂತಿಲ್ಲ, ದ್ವಾರಕೆಯಲ್ಲಿ ಏನು ನಡೆಯುತ್ತಿದೆಯೆಂದು ಆ ಕ್ಷಣವೇ ಹೇಳಬೇಕು.

ಆದ್ದರಿಂದ ಹೊಸಬರಿಗಾಗಿ ಕ್ಯಾಂಪೇನ್ ಆರಿಸುವಾಗ ನಾನು ಮೊದಲು ನೋಡುವುದು, ಒಂದು ಸಂಜೆಯ ಆಟಕ್ಕೆ ಎಷ್ಟು ಸಂಗತಿಗಳನ್ನು ತಲೆಯಲ್ಲಿಟ್ಟುಕೊಂಡು ಕೂರಬೇಕಾಗುತ್ತದೆ ಎಂಬುದನ್ನು. ಕಥೆಯ ಸೊಗಸು ಆಮೇಲಿನ ಮಾತು. ಪುಸ್ತಕವನ್ನು ಮನೆಯಲ್ಲಿ ಓದುವಾಗ ಸಿಗುವ ಸುಖಕ್ಕೂ, ಆಟಗಾರರು ಮೂರು ದಿಕ್ಕಿನಿಂದ ಪ್ರಶ್ನೆ ಕೇಳುತ್ತಿರುವಾಗ ಅದೇ ಪುಸ್ತಕದಲ್ಲಿ ಉತ್ತರ ಹುಡುಕುವ ಪಾಡಿಗೂ ಸಂಬಂಧವೇ ಇಲ್ಲ.

ಲೇಖನದಲ್ಲಿ ಮೊದಲ ಹೆಸರಾಗಿ ಬಂದಿರುವ ‘ಕರ್ಸ್ ಆಫ್ ಸ್ಟ್ರಾಡ್’ ಅನ್ನೇ ತೆಗೆದುಕೊಳ್ಳೋಣ. ಟ್ರೇಸಿ ಮತ್ತು ಲಾರಾ ಹಿಕ್‌ಮನ್ ದಂಪತಿ ಬರೆದು 1983ರಲ್ಲಿ ಬಂದ ‘ರೇವನ್‌ಲಾಫ್ಟ್’ ಎಂಬ ಸಾಹಸವನ್ನು ಹಿಗ್ಗಿಸಿ 2016ರಲ್ಲಿ ಹೊರತಂದ 256 ಪುಟಗಳ ಪುಸ್ತಕ ಇದು. ಮಂಜು ಕವಿದ ಬರೋವಿಯಾ ಎಂಬ ಕಣಿವೆ, ಅದರ ಒಡೆಯನಾದ ರಕ್ತಪಿಪಾಸು ಸ್ಟ್ರಾಡ್, ಹೊರಗೆ ಹೋಗಲು ದಾರಿಯಿಲ್ಲದ ಪಾತ್ರಗಳು: ಇಂಥ ಕಥೆಯನ್ನು ಮೆಚ್ಚದವರು ಕಡಿಮೆ, ನಾನೂ ಮೆಚ್ಚುತ್ತೇನೆ. ಆದರೆ ಅದನ್ನು ನಡೆಸುವುದು ಹೇಗಿರುತ್ತದೆ ನೋಡಿ. ಆಟದ ಆರಂಭದಲ್ಲಿ ಜ್ಯೋತಿಷ್ಯ ಹೇಳುವ ಹೆಂಗಸೊಬ್ಬಳು ಟರೋಕಾ ಎಂಬ ಇಸ್ಪೀಟಿನಂಥ ಎಲೆಗಳನ್ನು ಹರಡುತ್ತಾಳೆ. ಸ್ಟ್ರಾಡ್‌ನನ್ನು ಸೋಲಿಸಲು ಬೇಕಾದ ಮೂರು ವಸ್ತುಗಳು ಎಲ್ಲಿವೆ, ಆಟಗಾರರಿಗೆ ನೆರವಾಗುವವರು ಯಾರು, ಕೊನೆಗೆ ಸ್ಟ್ರಾಡ್ ಸಿಗುವುದು ಕೋಟೆಯ ಯಾವ ಭಾಗದಲ್ಲಿ ಎಂಬುದೆಲ್ಲ ಆ ಎಲೆಗಳಿಂದಲೇ ನಿರ್ಧಾರವಾಗುತ್ತದೆ. ಒಂದು ತಂಡಕ್ಕೆ ಬಂದದ್ದು ಇನ್ನೊಂದಕ್ಕೆ ಬರುವುದಿಲ್ಲ. ಅನುಭವಿಗೆ ಇದು ಹಬ್ಬ. ಹೊಸಬರಿಗಾದರೋ ಇಡೀ ಕಣಿವೆಯನ್ನು ಮೊದಲೇ ಓದಿ ಅರಗಿಸಿಕೊಳ್ಳದೆ ಎರಡನೆಯ ವಾರದ ಆಟವನ್ನೇ ನಡೆಸಲಾಗದ ಸ್ಥಿತಿ.

ಮೇಲಾಗಿ ಸ್ಟ್ರಾಡ್ ತನ್ನ ಕೋಟೆಯಲ್ಲಿ ಕಾದು ಕುಳಿತಿರುವ ಖಳನಲ್ಲ. ಅವನು ಯಾವಾಗ ಬೇಕಾದರೂ, ಎಲ್ಲಿ ಬೇಕಾದರೂ ಬರಬಲ್ಲ, ಬರಬೇಕು ಕೂಡ. ಬಂದಾಗ ಆಟಗಾರರನ್ನು ಕೊಲ್ಲದೆ, ಆದರೆ ಕೊಲ್ಲಬಲ್ಲೆನೆಂಬ ಭಯವನ್ನು ಉಳಿಸಿ ಹೋಗಬೇಕು. ಇದು ಅಭಿನಯದಲ್ಲೂ ಯುದ್ಧದ ಲೆಕ್ಕದಲ್ಲೂ ಕೈ ಪಳಗಿದವರ ಕೆಲಸ. ವಲ್ಲಾಕಿ ಎಂಬ ಊರಿಗೆ ಕಾಲಿಟ್ಟರೆ ಅಲ್ಲಿನ ಬ್ಯಾರನ್, ಅವನಿಗೆ ಎದುರಾಗಿ ಒಳಸಂಚು ನಡೆಸುವ ಲೇಡಿ ವಾಕ್ಟರ್, ಮೂಳೆ ಕಳವಾದ ಇಗರ್ಜಿ, ಇವೆಲ್ಲ ಒಂದಕ್ಕೊಂದು ತಳುಕು ಹಾಕಿಕೊಂಡಿವೆ; ಒಂದು ಎಳೆ ಎಳೆದರೆ ಮತ್ತೊಂದು ಕಿತ್ತು ಬರುತ್ತದೆ. ಇನ್ನು ಪೀಠಿಕೆಯಂತೆ ಕೊಟ್ಟಿರುವ ‘ಡೆತ್ ಹೌಸ್’ ಎಂಬ ಮನೆ, ಹೆಸರಿಗೆ ತಕ್ಕಂತೆ, ಮೊದಲ ಹಂತದ, ಎಂದರೆ ಆಗಷ್ಟೇ ಆಟಕ್ಕಿಳಿದ ಇನ್ನೂ ಬಲ ಬೆಳೆಯದ, ಪಾತ್ರಗಳನ್ನು ನುಂಗಿ ನೀರು ಕುಡಿಯುತ್ತದೆ. ಮೊದಲ ಬಾರಿಗೆ ಪರದೆಯ ಹಿಂದೆ ಕುಳಿತವರು ಎರಡನೆಯ ಸಂಜೆಯೇ ಗೆಳೆಯರ ಪಾತ್ರಗಳನ್ನೆಲ್ಲ ಕೊಂದು, ಮುಂದೇನು ಮಾಡಬೇಕೆಂದು ತಿಳಿಯದೆ ಪುಸ್ತಕ ಮುಚ್ಚಿದರೆ ಅದು ಅವರ ತಪ್ಪಲ್ಲ.

ಲೇಖನದ ಪಟ್ಟಿಯಲ್ಲಿರುವ ಇತರ ಹೆಸರುಗಳ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ‘ವಾಟರ್‌ಡೀಪ್: ಡ್ರ್ಯಾಗನ್ ಹೈಸ್ಟ್’ ಪುಸ್ತಕದಲ್ಲಿ ನಾಲ್ವರು ಖಳರಿದ್ದು ಅವರಲ್ಲಿ ಒಬ್ಬನನ್ನು ಆರಿಸಿಕೊಳ್ಳಬೇಕು, ಕಥೆ ನಡೆಯುವುದು ಒಂದು ಮಹಾನಗರದಲ್ಲಿ, ನಗರವೆಂದರೆ ಆಟಗಾರರು ಯಾವ ಬಾಗಿಲನ್ನಾದರೂ ತಟ್ಟಬಹುದು ಎಂದರ್ಥ. (ಹೆಸರಿನಲ್ಲಿ ದರೋಡೆಯಿದೆ, ಆದರೆ ಆಟಗಾರರು ಯೋಜನೆ ಹಾಕಿ ಮಾಡುವ ದರೋಡೆಯನ್ನು ನಿರೀಕ್ಷಿಸಿ ಕೊಂಡವರಿಗೆ ನಿರಾಸೆ ಕಾದಿದೆ.) ‘ಟೂಮ್ ಆಫ್ ಅನೈಹಿಲೇಶನ್’ ದಟ್ಟ ಕಾಡಿನಲ್ಲಿ ಅಲೆಯುವ ಕಥೆ, ದಿನದಿನದ ಪಯಣ, ಆಹಾರ, ನೀರು, ಎದುರಾಗುವ ಮೃಗ, ಎಲ್ಲದರ ಲೆಕ್ಕವನ್ನು ಗೇಮ್ ಮಾಸ್ಟರೇ ಇಡಬೇಕು. 2021ರ ‘ದಿ ವೈಲ್ಡ್ ಬಿಯಾಂಡ್ ದಿ ವಿಚ್‌ಲೈಟ್’ ಕತ್ತಿ ಎತ್ತದೆಯೂ ಆಡಿ ಮುಗಿಸಬಹುದಾದ ಸುಂದರ ಪುಸ್ತಕ, ಆದರೆ ಅದರಲ್ಲಿ ಪುಟಪುಟಕ್ಕೂ ಹೊಸ ದನಿ, ಹೊಸ ನಡವಳಿಕೆಯ ವಿಚಿತ್ರ ಜೀವಿಗಳು. ನಾಲ್ಕು ಜನರೆದುರು ದನಿ ಬದಲಿಸಿ ಮಾತಾಡಲು ಸಂಕೋಚಪಡುವ ಹೊಸಬರಿಗೆ ಅದು ಕಷ್ಟವೇ.

ಹಾಗಾದರೆ ಯಾವುದು ತಕ್ಕದ್ದು? 2014ರಲ್ಲಿ ಆಟದ ಐದನೆಯ ಆವೃತ್ತಿಯ ಸ್ಟಾರ್ಟರ್ ಸೆಟ್ ಪೆಟ್ಟಿಗೆಯಲ್ಲಿ ಬಂದ ‘ಲಾಸ್ಟ್ ಮೈನ್ ಆಫ್ ಫ್ಯಾಂಡೆಲ್ವರ್’ ಅನ್ನು ನಾನು ಇಂದಿಗೂ ಹೊಸಬರ ಕೈಗೆ ಧೈರ್ಯವಾಗಿ ಕೊಡುತ್ತೇನೆ. 64 ಪುಟ, ಪಾತ್ರಗಳು ಒಂದನೆಯ ಹಂತದಿಂದ ಐದನೆಯ ಹಂತದವರೆಗೆ ಬೆಳೆಯುತ್ತವೆ. ಗುಂಡ್ರೆನ್ ಎಂಬ ಕುಬ್ಜನ ಸಾಮಾನಿನ ಗಾಡಿಯನ್ನು ನೆವರ್‌ವಿಂಟರ್ ಪಟ್ಟಣದಿಂದ ಫ್ಯಾಂಡಲಿನ್ ಎಂಬ ಸಣ್ಣ ಊರಿಗೆ ಮುಟ್ಟಿಸುವುದು ಆರಂಭದ ಕೆಲಸ. ದಾರಿಯಲ್ಲಿ ಎರಡು ಕುದುರೆಗಳು ಸತ್ತು ಬಿದ್ದಿವೆ. ಹತ್ತಿರ ಹೋದವರ ಮೇಲೆ ಪೊದೆಗಳ ಮರೆಯಿಂದ ಗಾಬ್ಲಿನ್ ಎಂಬ ನಾಲ್ಕು ಕುಳ್ಳ ದುಷ್ಟಜೀವಿಗಳು ಎರಗುತ್ತವೆ.

ಈ ಹೊಂಚುದಾಳಿಯ ಬಗ್ಗೆ ತುಸು ವಿವರವಾಗಿ ಹೇಳುತ್ತೇನೆ, ಏಕೆಂದರೆ ಹೊಸ ಗೇಮ್ ಮಾಸ್ಟರ್ ಕಲಿಯಬೇಕಾದ ಬಹುಪಾಲು ಸಂಗತಿ ಈ ಒಂದೇ ಘಟನೆಯಲ್ಲಿದೆ. 2014ರ ನಿಯಮದ ಪ್ರಕಾರ ಗಾಬ್ಲಿನ್‌ಗೆ ಇರುವ ಜೀವ (ಏಟು ಬಿದ್ದಂತೆ ಇಳಿಯುತ್ತ ಹೋಗುವ ಲೆಕ್ಕ) ಏಳೇ ಅಂಕ. ಆದರೆ ಅದರ ಒಂದು ಏಟು ಆರು ಮುಖದ ದಾಳದಲ್ಲಿ ಬಿದ್ದ ಸಂಖ್ಯೆಗೆ ಎರಡು ಸೇರಿಸಿದಷ್ಟು, ಎಂದರೆ ಸರಾಸರಿ ಐದೂವರೆ. ಒಂದನೆಯ ಹಂತದ ಮಂತ್ರವಾದಿಗೆ ಸಾಮಾನ್ಯವಾಗಿ ಇರುವ ಜೀವ ಎಂಟರ ಆಸುಪಾಸು. ಎರಡು ಬಾಣ ನಾಟಿದರೆ ಅವನು ನೆಲಕ್ಕೆ. ಎರಡು ಗಾಬ್ಲಿನ್‌ಗಳು ಮುನ್ನುಗ್ಗಿ, ಇನ್ನೆರಡು ದೂರದಿಂದ ಬಾಣ ಬಿಡುತ್ತ, ಪ್ರತಿ ಸರದಿಯಲ್ಲೂ ಮತ್ತೆ ಪೊದೆಯಲ್ಲಿ ಅಡಗಿಕೊಂಡರೆ, ದಾಳ ಸ್ವಲ್ಪ ಮುನಿದರೂ ಇಡೀ ತಂಡ ಮೊದಲ ಅರ್ಧ ಗಂಟೆಯಲ್ಲೇ ಉರುಳುವುದುಂಟು. ಪುಸ್ತಕ ಬರೆದವರಿಗೂ ಇದು ಗೊತ್ತಿತ್ತು. ಆಟಗಾರರು ಸೋತರೆ ಗಾಬ್ಲಿನ್‌ಗಳು ಅವರನ್ನು ಕೊಲ್ಲುವುದಿಲ್ಲ, ಎಚ್ಚರ ತಪ್ಪಿದವರನ್ನು ದೋಚಿಕೊಂಡು ಹೋಗುತ್ತವೆ ಎಂದು ಅಲ್ಲೇ ಬರೆದಿದ್ದಾರೆ. ಈ ಒಂದು ಸಾಲು ಹೊಸಬರಿಗೆ ಚಿನ್ನದಂಥದ್ದು: ಸೋತರೂ ಕಥೆ ಮುಂದುವರಿಯುತ್ತದೆ, ಈಗ ಆಟಗಾರರಿಗೆ ಗಾಬ್ಲಿನ್‌ಗಳನ್ನು ಬೆನ್ನಟ್ಟಲು ಸ್ವಂತ ಕಾರಣವೂ ಇದೆ. ಅಷ್ಟಾದರೂ, ತಂಡದಲ್ಲಿ ಮೂವರೇ ಇದ್ದರೆ ಒಂದು ಗಾಬ್ಲಿನ್ ಕಡಿಮೆ ಮಾಡಿಕೊಳ್ಳಿ ಎಂದು ನಾನು ಹೇಳುತ್ತೇನೆ. ಪುಸ್ತಕದ ಮೇಲೆ ಪೆನ್ಸಿಲ್ ಆಡಿಸುವ ಹಕ್ಕು ತನಗಿದೆಯೆಂದು ಹೊಸ ಗೇಮ್ ಮಾಸ್ಟರ್‌ಗೆ ಮೊದಲ ದಿನವೇ ಗೊತ್ತಾಗಬೇಕು.

ಗಾಬ್ಲಿನ್‌ಗಳ ಜಾಡು ಹಿಡಿದು ಹೋದರೆ ಸಿಗುವ ಗುಹೆ ಇನ್ನೂ ಚೆನ್ನ. ಒಳಗೆ ಹತ್ತು ಹದಿನೈದು ಕೋಣೆಗಳ ಚಕ್ರವ್ಯೂಹವಿಲ್ಲ. ಒಂದು ತೊರೆ, ಒಂದು ಕಾಲುಸೇತುವೆ, ಕಟ್ಟಿ ಹಾಕಿದ ತೋಳಗಳು, ಮೇಲಿನಿಂದ ನೀರು ನುಗ್ಗಿಸುವ ಉಪಾಯ. ಗುಹೆಯ ಒಡೆಯ ಕ್ಲಾರ್ಗ್. ಅವನ ಕೈಕೆಳಗಿನ ಯೀಮಿಕ್ ಎಂಬ ಗಾಬ್ಲಿನ್ ಒಬ್ಬ ಸೆರೆಯಾಳನ್ನು ಬಂಡೆಯ ಅಂಚಿಗೆ ಎಳೆದು ತಂದು, ಕ್ಲಾರ್ಗ್‌ನ ತಲೆ ತಂದುಕೊಟ್ಟರೆ ಇವನನ್ನು ಬಿಡುತ್ತೇನೆ ಎಂದು ವ್ಯಾಪಾರಕ್ಕಿಳಿಯುತ್ತಾನೆ. ತಲೆ ಸಿಕ್ಕ ಮೇಲೆ ಮಾತಿಗೆ ತಪ್ಪಿ ಹಣ ಕೇಳುವ ಬುದ್ಧಿಯೂ ಅವನದು. ಮೇಜಿನ ಸುತ್ತ ಇದ್ದವರು ಈಗ ತಾವೇ ವಾದಕ್ಕೆ ಬೀಳುತ್ತಾರೆ: ಒಪ್ಪಬೇಕೆ, ನಂಬಬೇಕೆ, ಒಪ್ಪಿದಂತೆ ನಟಿಸಿ ಹಿಂದಿನಿಂದ ಹೋಗಬೇಕೆ? ಗೇಮ್ ಮಾಸ್ಟರ್ ನೆನಪಿಟ್ಟುಕೊಳ್ಳಬೇಕಾದದ್ದು ಒಂದೇ ಗುಹೆ, ಇಬ್ಬರು ದುಷ್ಟರು, ಒಬ್ಬ ಸೆರೆಯಾಳು. ಯುದ್ಧ, ಅಡಗುವಿಕೆ, ಚೌಕಾಸಿ, ದ್ರೋಹ ಎಲ್ಲವೂ ಅಷ್ಟರಲ್ಲೇ ಇವೆ.

ಆ ಹಳೆಯ ಪೆಟ್ಟಿಗೆಯ ಬದಲು 2022ರಲ್ಲಿ ಹೊಸ ಸ್ಟಾರ್ಟರ್ ಸೆಟ್ ಬಂತು. ಇದೇ ಕಥೆಯನ್ನು ಮೊದಲ ಭಾಗವಾಗಿಟ್ಟು, ಹನ್ನೆರಡನೆಯ ಹಂತದವರೆಗೆ ಬೆಳೆಸಿದ ‘ಫ್ಯಾಂಡೆಲ್ವರ್ ಅಂಡ್ ಬಿಲೋ’ ಎಂಬ ದಪ್ಪ ಪುಸ್ತಕ 2023ರಲ್ಲಿ ಪ್ರಕಟವಾಯಿತು. ಅದನ್ನು ಕೊಂಡವರು ‘ಲಾಸ್ಟ್ ಮೈನ್’ನ ಗಣಿಯ ಕಥೆ ಮುಗಿದ ಕೂಡಲೇ ನಿಲ್ಲಿಸಬಹುದು. ಉಳಿದ ಅರ್ಧ ಪುಸ್ತಕ ವ್ಯರ್ಥವಾಯಿತೆಂದು ಯಾರೂ ಕೊರಗಬೇಕಾಗಿಲ್ಲ.

2022ರ ಪೆಟ್ಟಿಗೆಯಲ್ಲಿರುವ ‘ಡ್ರ್ಯಾಗನ್ಸ್ ಆಫ್ ಸ್ಟಾರ್ಮ್‌ರೆಕ್ ಐಲ್’ ಇನ್ನೂ ಚಿಕ್ಕದು. ಕಥೆ ಒಂದು ದ್ವೀಪದಲ್ಲಿ ನಡೆಯುತ್ತದೆ; ಸುತ್ತಲೂ ಸಮುದ್ರವಿರುವುದರಿಂದ ಆಟಗಾರರು ಪುಸ್ತಕದಲ್ಲಿಲ್ಲದ ಊರಿಗೆ ಹೊರಡುವ ಭಯವಿಲ್ಲ. ಮೂರನೆಯ ಹಂತಕ್ಕೆ ಮುಗಿಯುತ್ತದೆ. ಮಠದಂಥ ಒಂದು ಆಶ್ರಯತಾಣ, ಮನುಷ್ಯರೂಪದಲ್ಲಿರುವ ಅದರ ಹಿರಿಯಳಾದ ಕಂಚಿನ ಡ್ರ್ಯಾಗನ್ ರುನಾರಾ, ಅಣಬೆ ಜನರ ಗುಹೆ, ಒಡೆದ ಹಡಗು, ಕೊನೆಗೊಂದು ಎಳೆಯ ನೀಲಿ ಡ್ರ್ಯಾಗನ್. ಹನ್ನೆರಡು ಹದಿಮೂರು ವರ್ಷದ ಮಕ್ಕಳಿಗೆ ಆಟ ನಡೆಸುವವರಿಗೆ, ಅಥವಾ ಆ ವಯಸ್ಸಿನ ಮಕ್ಕಳೇ ಗೇಮ್ ಮಾಸ್ಟರ್ ಆಗುವುದಾದರೆ ಅವರಿಗೆ, ನಾನು ಇದನ್ನೇ ಮೊದಲು ಹೇಳುತ್ತೇನೆ. ದೊಡ್ಡವರಿಗೆ ಖಳನ ಪಾತ್ರ ಸ್ವಲ್ಪ ತೆಳುವೆನಿಸಬಹುದು.

ಎಲ್ಲ ದಿನ ಎಲ್ಲರೂ ಸೇರಲಾಗದ ತಂಡಕ್ಕೆ, ಎಂದರೆ ಒಬ್ಬರಿಗೆ ಶಿಫ್ಟ್, ಇನ್ನೊಬ್ಬರಿಗೆ ಪರೀಕ್ಷೆ ಎಂಬಂಥ ತಂಡಕ್ಕೆ, 2019ರ ಎಸೆನ್ಷಿಯಲ್ಸ್ ಕಿಟ್‌ನ ‘ಡ್ರ್ಯಾಗನ್ ಆಫ್ ಐಸ್‌ಸ್ಪೈರ್ ಪೀಕ್’ ಅನುಕೂಲ. ಇದೂ ಫ್ಯಾಂಡಲಿನ್ ಊರಿನ ಕಥೆಯೇ. ಊರಿನ ಫಲಕದ ಮೇಲೆ ಕೆಲಸಗಳ ಚೀಟಿಗಳಿರುತ್ತವೆ, ಬಂದವರು ಒಂದನ್ನು ಆರಿಸಿಕೊಂಡು ಹೋಗಿ ಬರುತ್ತಾರೆ. ಒಬ್ಬರೇ ಆಟಗಾರರಿದ್ದರೂ ಜೊತೆಗಾರ ಪಾತ್ರದ ನಿಯಮಗಳನ್ನು ಬಳಸಿ ಆಡಬಹುದು. ಒಂದು ಎಚ್ಚರಿಕೆ: ಆರಂಭದ ಮೂರು ಕೆಲಸಗಳಲ್ಲಿ ಒಂದಾದ ಗಾಳಿಯಂತ್ರದ ಗುಡ್ಡದಲ್ಲಿ ಸೂಲಗಿತ್ತಿಯೊಬ್ಬಳ ಮನೆಯನ್ನು ಮುತ್ತಿರುವುದು 68 ಅಂಕ ಜೀವದ ಮ್ಯಾಂಟಿಕೋರ್ ಎಂಬ, ಸಿಂಹದ ಮೈ, ಮನುಷ್ಯನ ಮುಖ, ರೆಕ್ಕೆಗಳಿರುವ ಪ್ರಾಣಿ. ಒಂದನೆಯ ಹಂತದವರು ಅದರೊಡನೆ ಹೊಡೆದಾಡಲು ಹೋದರೆ ಉಳಿಯುವುದು ಕಷ್ಟ. ಆದರೆ ಅದು ಮಾತಾಡಬಲ್ಲ ಪ್ರಾಣಿ, ಹಸಿದ ಪ್ರಾಣಿ. ಮಾಂಸ ಕೊಟ್ಟು ಕಳುಹಿಸಬಹುದು. ಆ ದಾರಿಯೂ ಉಂಟೆಂಬ ಸುಳಿವು ಆಟಗಾರರಿಗೆ ಕಾಣುವಂತೆ ಮಾಡುವುದು ಗೇಮ್ ಮಾಸ್ಟರ್‌ನ ಹೊಣೆ. ಅದು ಮೊದಲು ಮಾತಾಡಲಿ, ಆಮೇಲೆ ಬೇಕಿದ್ದರೆ ಹಾರಿ ಎರಗಲಿ.

ಕ್ಯಾಂಪೇನ್ ಎಂಬ ಕಟ್ಟುಪಾಡೇ ಬೇಡವೆನ್ನುವವರಿಗೆ ಬಿಡಿ ಸಾಹಸಗಳ ಸಂಕಲನಗಳಿವೆ. 17 ಕಥೆಗಳ ‘ಕ್ಯಾಂಡಲ್‌ಕೀಪ್ ಮಿಸ್ಟರೀಸ್’ 2021ರದು, 13 ಕಥೆಗಳ ‘ಜರ್ನೀಸ್ ಥ್ರೂ ದಿ ರೇಡಿಯಂಟ್ ಸಿಟಾಡೆಲ್’ 2022ರದು. ಎರಡನೆಯದರಲ್ಲಿ ಕೋಲ್ಕತ್ತ ಮೂಲದ ಲೇಖಕಿ ಮಿಮಿ ಮಂಡಲ್ ಬರೆದ, ಬಂಗಾಳದ ನದಿಸೀಮೆಯನ್ನು ನೆನಪಿಸುವ ಸಾಹಸವೊಂದಿದೆ. ಕೋಟೆ, ಹೋಟೆಲು, ಹಿಮದ ವರ್ಣನೆಯನ್ನೇ ಓದಿ ಸುಸ್ತಾದ ನಮ್ಮವರಿಗೆ ಆ ಪುಟಗಳು ಹತ್ತಿರದವೆನಿಸುತ್ತವೆ. ಆದರೆ ಸಂಕಲನಗಳ ಕಥೆಗಳು ಹಂತ ಏರುತ್ತ ಹೋಗುವುದರಿಂದ ಮೊದಲ ಎರಡು ಮೂರು ಮಾತ್ರ ಹೊಸಬರಿಗೆ ಕೂಡಲೇ ಉಪಯೋಗಕ್ಕೆ ಬರುತ್ತವೆ. ಕತ್ತಿ ಮಂತ್ರಗಳೇ ಬೇಡವೆನ್ನುವವರು 1981ರಿಂದ ಇರುವ ‘ಕಾಲ್ ಆಫ್ ಕಥುಲು’ ಆಟದ ‘ದಿ ಹಾಂಟಿಂಗ್’ ಎಂಬ ಒಂದೇ ಮನೆಯ ಭೂತದ ಪತ್ತೇದಾರಿಯನ್ನು ನೋಡಬಹುದು. ಅದರ ಕಿರು ನಿಯಮಪುಸ್ತಿಕೆ ಉಚಿತವಾಗಿಯೇ ಸಿಗುತ್ತದೆ.

ಚಿಕ್ಕ ಪುಸ್ತಕದ ಪರವಾಗಿ ನನ್ನ ಇನ್ನೊಂದು ವಾದ ಕನ್ನಡಕ್ಕೆ ಸಂಬಂಧಿಸಿದ್ದು. ಈ ಪುಸ್ತಕಗಳೆಲ್ಲ ಇಂಗ್ಲಿಷಿನಲ್ಲಿವೆ, ಆಟಗಾರರಿಗೆ ಗಟ್ಟಿಯಾಗಿ ಓದಿ ಹೇಳಲೆಂದು ಚೌಕಟ್ಟಿನೊಳಗೆ ವರ್ಣನೆಗಳನ್ನು ಕೊಟ್ಟಿರುತ್ತಾರೆ. ನಮ್ಮ ಮೇಜಿನಲ್ಲಿ ‘ಇನಿಶಿಯೇಟಿವ್ ಹಾಕಿ’ (ಯಾರ ಸರದಿ ಮೊದಲೆಂದು ದಾಳ ಹಾಕಿ), ‘ಎಚ್‌ಪಿ (ಜೀವದ ಅಂಕ) ಎಷ್ಟು ಉಳೀತು’ ಎಂಬ ಆಡುಮಾತಿನ ನಡುವೆ ಗೇಮ್ ಮಾಸ್ಟರ್ ಇದ್ದಕ್ಕಿದ್ದಂತೆ ಆರು ಸಾಲಿನ ಇಂಗ್ಲಿಷ್ ಓದತೊಡಗಿದರೆ ಎಲ್ಲರೂ ಪಾಠ ಕೇಳುವ ಮುಖ ಮಾಡಿ ಕೂರುತ್ತಾರೆ. ಆ ಆರು ಸಾಲನ್ನು ಹಿಂದಿನ ರಾತ್ರಿ ಓದಿಕೊಂಡು ‘ದಾರಿಗೆ ಅಡ್ಡಲಾಗಿ ಎರಡು ಕುದುರೆ ಸತ್ತು ಬಿದ್ದಿವೆ, ಮೈಮೇಲೆ ಕಪ್ಪು ಗರಿಯ ಬಾಣ’ ಎಂದು ಕನ್ನಡದಲ್ಲೇ ಹೇಳಿದರೆ ಆಗಲೇ ಒಬ್ಬರ ಕೈ ದಾಳದತ್ತ ಹೋಗಿರುತ್ತದೆ. 64 ಪುಟದ ಪುಸ್ತಕವನ್ನು ಹೀಗೆ ವಾರವಾರ ತನ್ನ ಮಾತಿಗೆ ತಂದುಕೊಳ್ಳಲು ಕೆಲಸಕ್ಕೆ ಹೋಗುವವರಿಗೂ ಸಾಧ್ಯ. 256 ಪುಟದ್ದನ್ನು ಓದಿ ಮುಗಿಸುವುದೇ ಒಂದು ಸಾಹಸ.

‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ನಿಯಮಗಳನ್ನು ಕನ್ನಡಕ್ಕೆ ತರಲು ಕಾನೂನಿನ ತೊಡಕೂ ಇಲ್ಲವೆಂಬುದು ಹಲವರಿಗೆ ತಿಳಿದಿಲ್ಲ. ಪರವಾನಗಿ ಬದಲಿಸಲು ಹೋಗಿ ಅಭಿಮಾನಿಗಳ ತೀವ್ರ ವಿರೋಧ ಎದುರಿಸಿದ ಪ್ರಕಾಶಕರು, 2023ರ ಜನವರಿಯಲ್ಲಿ ಐದನೆಯ ಆವೃತ್ತಿಯ ಮೂಲ ನಿಯಮಗಳ ದಸ್ತಾವೇಜನ್ನು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಬಿಡುಗಡೆ ಮಾಡಿದರು. ಪರಿಷ್ಕೃತ ನಿಯಮಗಳದ್ದೂ 2025ರಲ್ಲಿ ಹಾಗೆಯೇ ಬಂತು. ಮೂಲವನ್ನು ಹೆಸರಿಸಿದರೆ ಯಾರು ಬೇಕಾದರೂ ಅನುವಾದಿಸಬಹುದು, ಅಚ್ಚು ಹಾಕಬಹುದು, ಮಾರಲೂಬಹುದು. ಸಾಹಸದ ಪುಸ್ತಕಗಳಿಗೆ ಮಾತ್ರ ಈ ಸ್ವಾತಂತ್ರ್ಯ ಅನ್ವಯಿಸುವುದಿಲ್ಲ.

ಕೊನೆಯದಾಗಿ, ಲೇಖನವು ಮುಟ್ಟದೇ ಬಿಟ್ಟ ಒಂದು ಸಂಗತಿ. ಆರಿಸಬೇಕಿರುವುದು ತಂಡದ ಮುಂದಿನ ಕ್ಯಾಂಪೇನ್ ಆದ್ದರಿಂದ, ಮೊದಲಿನದನ್ನು ನಡೆಸಿದ ಹಳೆಯ ಗೇಮ್ ಮಾಸ್ಟರ್ ಈಗ ಆಟಗಾರರಾಗಿ ಎದುರು ಕುಳಿತಿರುತ್ತಾರೆ. ಅವರು ಓದಿರದ ಪುಸ್ತಕವನ್ನೇ ಆರಿಸುವುದು ಲೇಸು. ನಿಯಮದಲ್ಲಿ ಹೊಸಬರು ಎಡವಿದಾಗ ಆಟದ ನಡುವೆ ತಿದ್ದದೆ, ಕೇಳಿದರೆ ಮಾತ್ರ ಹೇಳುವ ಸಂಯಮ ಅವರಲ್ಲಿರಬೇಕು. ‘ನನ್ನ ಆಟದಲ್ಲಿ ಹೀಗಿರಲಿಲ್ಲ’ ಎಂಬ ಮಾತನ್ನಂತೂ ಅವರು ಆಡಲೇಬಾರದು. ಹಾಗೆಯೇ, ಆರಂಭಕ್ಕೆ ಮೊದಲು ಒಂದು ದಿನ ಸುಮ್ಮನೆ ಕುಳಿತು, ಎಷ್ಟು ವಾರ ಆಡುವುದು, ಯಾರಾದರೂ ಬಾರದಿದ್ದರೆ ಏನು ಮಾಡುವುದು, ಯಾವ ವಿಷಯಗಳು ಮೇಜಿನ ಮೇಲೆ ಬರಬಾರದು ಎಂಬುದನ್ನು ಮಾತಾಡಿಕೊಳ್ಳಬೇಕು. ಹೆಣ್ಣುಮಕ್ಕಳೂ ಕಿರಿಯರೂ ಇರುವ ತಂಡದಲ್ಲಿ ಈ ಕೊನೆಯ ಮಾತನ್ನು ನಾಚಿಕೆಯಿಂದ ಬಿಟ್ಟುಬಿಡುವುದನ್ನು ಕಂಡಿದ್ದೇನೆ. ಅದು ಸಲ್ಲದು.

ಪುರವಣಿಯ ಲೇಖನಮಾಲೆ ಮುಂದುವರಿಯುವುದೆಂದು ಪ್ರಕಟಣೆಯಿದೆ. ಮುಂದಿನ ಕಂತಿನಲ್ಲಿ ದೊಡ್ಡ ಪುಸ್ತಕಗಳ ಆ ಪಟ್ಟಿಯ ಪಕ್ಕದಲ್ಲಿ, ಪ್ರತಿಯೊಂದೂ ಯಾವ ಹಂತದಿಂದ ಯಾವ ಹಂತದವರೆಗೆ ಸಾಗುತ್ತದೆ, ಎಷ್ಟು ಪುಟವಿದೆ, ಮೊದಲ ಸಂಜೆಯ ಆಟಕ್ಕೆ ಎಷ್ಟು ಪುಟ ಓದಿಕೊಂಡಿರಬೇಕು ಎಂಬ ಮೂರು ಕಲಮುಗಳನ್ನು ಸೇರಿಸುವಂತೆ ಲೇಖಕರಲ್ಲಿ ವಿನಂತಿಸುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಓದುಗರೊಬ್ಬರು, ಶಿವಮೊಗ್ಗ